ಹವಾಲ್ದಾರ್ ತಾತನ ಹೆಂಡತಿ

ನಮ್ಮ ತಾತನ ಅಣ್ಣ ಎರಡನೇ ಮಹಾಯುದ್ಧಕ್ಕೆ ಹೋದವರು ವಾಪಸು ಬರಲಿಲ್ಲ. ಮನೆಯಲ್ಲಿ ಹೆಸರು ಹಿಡಿದು ಹೇಳುತ್ತಿದ್ದುದೂ ಕಡಿಮೆ, ಹವಾಲ್ದಾರ್ ತಾತ ಅಷ್ಟೇ. ಬರ್ಮಾದಲ್ಲಿ ತೀರಿಕೊಂಡರು ಅಂತ ಒಬ್ಬರು, ಇಲ್ಲ ನೇತಾಜಿ ಫೌಜಿನಲ್ಲಿದ್ದರು ಅಂತ ಇನ್ನೊಬ್ಬರು. ಮದುವೆ ಮನೆಗಳಲ್ಲಿ ಹೇಳಿಕೊಳ್ಳಲು ಎರಡನೆಯದೇ ಚೆಂದ. ಕೈಗೆ ಸಿಗುವಂತೆ ಉಳಿದಿದ್ದು ತೋಳಿನ ಮೇಲೆ ಮೂರು ಪಟ್ಟಿ ಕಾಣುವ ಒಂದು ಫೋಟೊ, ಕೋಟಿನ ಒಂದು ಹಿತ್ತಾಳೆ ಗುಂಡಿ.

ದಾರಿ ತೋರಿಸಿದ್ದು ಆ ಗುಂಡಿ. ಹುಣಸೆಹಣ್ಣು ಹಾಕಿ ಉಜ್ಜಿದಾಗ ಗಂಡಭೇರುಂಡ ಕಾಣಿಸಿತು. ಚನ್ನರಾಯಪಟ್ಟಣದ ಕಡೆಯಿಂದ ದಂಡಿಗೆ ಹೋದವರೆಲ್ಲ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಎಂಬ ಬ್ರಿಟಿಷರ ಪಲ್ಟನ್ನಿನವರೇ ಎಂದು ನಮ್ಮಲ್ಲೊಂದು ನಂಬಿಕೆ. ಗಂಡಭೇರುಂಡ ಅಂದರೆ ಆ ಲೆಕ್ಕವೇ ಬೇರೆ. ಇವರು ಬ್ರಿಟಿಷರ ಪಲ್ಟನ್ನಿನವರಲ್ಲ, ಮೈಸೂರು ಮಹಾರಾಜರ ಸೈನ್ಯದವರು. ಒಂದನೇ ಮೈಸೂರು ಇನ್‌ಫೆಂಟ್ರಿ ಯುದ್ಧಕ್ಕೆ ಹೋಗಿದ್ದು ಬರ್ಮಾಕ್ಕಲ್ಲ, ಸಿಂಗಾಪುರಕ್ಕೆ. ಅಲ್ಲಿಗೆ ಹೋದ ಸಂಸ್ಥಾನದ ಪಡೆಗಳಿಗೆ ಹೆಚ್ಚಾಗಿ ವಿಮಾನ ನಿಲ್ದಾಣ ಕಾಯುವ ಕೆಲಸ. 1942ರ ಫೆಬ್ರವರಿ 15ರಂದು ಸಿಂಗಾಪುರ ಬಿತ್ತು. ಎರಡು ದಿನ ಬಿಟ್ಟು ಭಾರತೀಯ ಸೈನಿಕರನ್ನೆಲ್ಲ ಫ್ಯಾರರ್ ಪಾರ್ಕ್ ಮೈದಾನದಲ್ಲಿ ಸೇರಿಸಿ ಜಪಾನಿಯರ ಕೈಗೆ ಒಪ್ಪಿಸಿದರು.

ಸ್ವಾತಂತ್ರ್ಯ ಬಂದ ಮೇಲೆ ಆ ಪಲ್ಟನ್ ಮದ್ರಾಸ್ ರೆಜಿಮೆಂಟಿನ 18ನೇ ಬೆಟಾಲಿಯನ್ ಆಯಿತು. ನಾನು ಒಂದೆರಡು ಕಚೇರಿಗಳಿಗೆ ಬರೆದೆ. ಸರ್ವಿಸ್ ನಂಬರ್ ಇಲ್ಲದೆ ಏನೂ ಆಗುವುದಿಲ್ಲ ಎಂಬ ಉತ್ತರ ಬಂತು. ಹಾಸನದಲ್ಲಿ ಸಿಕ್ಕ ನಿವೃತ್ತ ಸುಬೇದಾರರೊಬ್ಬರು, ಯುದ್ಧದಲ್ಲಿ ಸತ್ತವರ ಹೆಸರು ದಾಖಲಿಸುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ನೋಡಿ, ಹೆಸರಿನಿಂದ ಹುಡುಕಬೇಡಿ, ಪಲ್ಟನ್ನಿನಿಂದ ಹುಡುಕಿ ಎಂದರು. ಬಂಗಾರದಂಥ ಮಾತು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಟೈಪ್ ಮಾಡಿದ ಯಾವನೋ ಗುಮಾಸ್ತ ಗೌಡ, ನಂಜ, ಕೆಂಪ ಯಾವುದನ್ನೂ ನೆಟ್ಟಗೆ ಬಿಟ್ಟಿಲ್ಲ. ಮೈಸೂರು ಇನ್‌ಫೆಂಟ್ರಿ ಎಂದು ಹಾಕಿ, ಒಂದೊಂದೇ ಹೆಸರನ್ನು ಜೋರಾಗಿ ಓದುತ್ತಾ ಹೋದೆ. ಕಣ್ಣಿಗೆ ಸಿಗದ ಹೆಸರು ಕಿವಿಗೆ ಸಿಕ್ಕಿತು. ಹವಾಲ್ದಾರ್, 1944, ಸಿಂಗಾಪುರ್ ಮೆಮೋರಿಯಲ್.

ಆ ಮೆಮೋರಿಯಲ್ ಇರುವುದು ಸಿಂಗಾಪುರದ ಉತ್ತರಕ್ಕೆ, ಕ್ರಾಂಜಿಯಲ್ಲಿ. ಗೊತ್ತಾದ ಸಮಾಧಿ ಇಲ್ಲದ 24,000ಕ್ಕೂ ಹೆಚ್ಚು ಮಂದಿಯ ಹೆಸರು ಅಲ್ಲಿನ ಗೋಡೆಗಳಲ್ಲಿದೆ. 1944 ಅಂದಮೇಲೆ ಇವರು ಸೆರೆಯಲ್ಲೇ ಎರಡು ವರ್ಷ ಕಳೆದಿರಬೇಕು. ಇದನ್ನು ಹೇಳಿದಾಗ ದೊಡ್ಡಪ್ಪನಿಗೆ ಬೇಸರವಾಯಿತು. ಫೌಜಿಗೆ ಸೇರಿದ್ದರೆ ಶೂರ, ಸೆರೆಯಲ್ಲಿದ್ದರೆ ಏನೂ ಅಲ್ಲ ಎನ್ನುವ ಹಾಗೆ. ಫೌಜಿಗೆ ಸೇರದವರಲ್ಲಿ ಸಾವಿರಾರು ಮಂದಿಯನ್ನು ಜಪಾನಿಯರು ಹಡಗಿಗೆ ತುಂಬಿ ನ್ಯೂಗಿನಿ, ನ್ಯೂಬ್ರಿಟನ್ ದ್ವೀಪಗಳಿಗೆ ಕೂಲಿಗೆ ಸಾಗಿಸಿದರು. ಹಸಿವು, ಮಲೇರಿಯಾ, ಹೊಡೆತಕ್ಕೆ ಸತ್ತವರು ಬಹಳ ಮಂದಿ. ಅವರ ಕಥೆಯನ್ನು ನಮ್ಮ ಪಠ್ಯಪುಸ್ತಕದಲ್ಲಿ ನಾನಂತೂ ಓದಿಲ್ಲ.

ಆದರೆ ನನ್ನನ್ನು ನಿಲ್ಲಿಸಿದ್ದು ಕಮಿಷನ್ನಿನ ಪಟ್ಟಿಯಲ್ಲಿ ಅವರ ವಿವರದ ಕೊನೆಯ ಸಾಲು. ಇಂಥವರ ಮಗ, ಇಂಥ ಊರು, ಇಂಥವಳ ಗಂಡ. ಹವಾಲ್ದಾರ್ ತಾತನಿಗೆ ಹೆಂಡತಿ ಇದ್ದಳೆಂದೇ ನಮಗೆ ಯಾರೂ ಹೇಳಿರಲಿಲ್ಲ.

ಕೇಳಿದರೆ ಅಪ್ಪನಿಗೂ ಗೊತ್ತಿಲ್ಲ. ಊರಿನ ತೊಂಬತ್ತು ದಾಟಿದ ಅಜ್ಜಿಯೊಬ್ಬರು ಮಾತ್ರ, "ಅಯ್ಯೋ, ನುಗ್ಗೇಹಳ್ಳಿ ದಿಕ್ಕಿನೋಳು ಕಣಪ್ಪ, ಬಳೆ ತೆಗೆಸಿ ತವರಿಗೆ ಕಳ್ಸಿದ್ರು" ಎಂದರು. ಆ ತವರು ಪತ್ತೆಯಾಗಲು ಹೆಚ್ಚು ಹೊತ್ತು ಹಿಡಿಯಲಿಲ್ಲ, ಹಳ್ಳಿಗಳಲ್ಲಿ ಮಿಲ್ಟ್ರಿ ಪಿಂಚಣಿ ತೆಗೆದುಕೊಳ್ಳುತ್ತಿದ್ದ ಹೆಂಗಸು ಎಲ್ಲರಿಗೂ ನೆನಪಿರುತ್ತಾಳೆ. ಅಣ್ಣನ ಮಕ್ಕಳನ್ನು ಸಾಕಿಕೊಂಡು ಆಕೆ ಆ ಮನೆಯಲ್ಲೇ ಮುದುಕಿಯಾಗಿ ಸತ್ತಿದ್ದಳು. ಅವಳು ಸಾಕಿದ ಹುಡುಗನಿಗೇ ಈಗ ಎಪ್ಪತ್ತು. ಪಿಂಚಣಿ ಪುಸ್ತಕವನ್ನು ಟ್ರಂಕಿನಿಂದ ತೆಗೆದು ತೋರಿಸಿದರು. ಪುಟ ಪುಟಕ್ಕೂ ಹೆಬ್ಬೆಟ್ಟು. ಸೆರೆಯಿಂದ ಒಂದು ಅಚ್ಚಿನ ಕಾರ್ಡು ಬಂದಿತ್ತಂತೆ, ಕ್ಷೇಮ ಎಂದಷ್ಟೇ. ಅದನ್ನು ಅಂಚೆಯವನು ನಮ್ಮೂರಿಗೇ ಕೊಟ್ಟು ಹೋಗಿದ್ದ. ಅದು ಆಕೆಯ ಕೈಸೇರಿದ್ದು ಸಾವಿನ ಸುದ್ದಿ ಬಂದಾದ ಮೇಲೆ. ಹೇಳುವಾಗ ಅವರ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ, ನನಗೇ ಕಾಫಿ ಇಳಿಯಲಿಲ್ಲ.

ಹೊರಡುವಾಗ ಅವರು ಕೇಳಿದರು: "ನಿಮ್ಮ ತಾತಂದಿರು ಪಾಲು ಮಾಡಿಕೊಂಡಾಗ ನಮ್ಮತ್ತೆಗೆ ಏನು ಬಿಟ್ರಿ?"

ಬಿಟ್ಟಿರಲಿಲ್ಲ. 1933ರಲ್ಲೇ ಮೈಸೂರು ಸಂಸ್ಥಾನ ಹಿಂದೂ ಹೆಂಗಸರ ಹಕ್ಕುಗಳ ಕಾಯ್ದೆ ತಂದಿತ್ತು. ಅಣ್ಣತಮ್ಮಂದಿರು ಪಾಲಾಗುವಾಗ, ಗಂಡುಮಕ್ಕಳಿಲ್ಲದೆ ಸತ್ತ ಸಹೋದರನ ವಿಧವೆಗೂ ಪಾಲುಂಟು ಎಂದು ಅದರಲ್ಲಿದೆ. ಹವಾಲ್ದಾರ್ ತಾತ ದುಡಿದದ್ದೂ ಸತ್ತದ್ದೂ ಅದೇ ಸಂಸ್ಥಾನಕ್ಕೆ. ಕೆರೆಕೆಳಗಿನ ಗದ್ದೆ ಹೇಗೆ ಪೂರ್ತಿ ನಮ್ಮ ತಾತ ಮತ್ತವರ ತಮ್ಮನ ಹೆಸರಿಗೆ ಬಂತು ಎಂದು ನಾನು ಚಿಕ್ಕಂದಿನಲ್ಲಿ ಕೇಳಿದ್ದ ಕಥೆಯಲ್ಲಿ ಈ ಹೆಂಗಸು ಇರಲಿಲ್ಲ.

ಮುಂದಿನ ಹಬ್ಬಕ್ಕೆ ಸೇರಿದಾಗ ಎಲ್ಲವನ್ನೂ ಹೇಳಿದೆ. ಹವಾಲ್ದಾರ್ ತಾತನ ಫೋಟೊಕ್ಕೆ ಹೊಸ ಕಟ್ಟು ಹಾಕಿಸಲು ಎಲ್ಲರೂ ಒಪ್ಪಿದರು. ದೊಡ್ಡಪ್ಪ ಮಾತ್ರ ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಯುದ್ಧದ ವಿಷಯ ಬರೆಯೋದಾದ್ರೆ ಬರಿ, ಪಹಣಿ ವಿಷಯ ಯಾಕೆ?" ಎಂದರು. ಎರಡನ್ನೂ ಬರೆದಿದ್ದೇನೆ, ಅವರಿಗೆ ತೋರಿಸಿಯೇ.