ಅರ್ಧ ಮಿಲಿಮೀಟರಿನ ಜಾಗ

ಕಳೆದ ಮೇ ತಿಂಗಳಲ್ಲಿ ಕಲಬುರಗಿಯ ಸೂಪರ್ ಮಾರ್ಕೆಟ್ ಬಳಿಯ ರಿಪೇರಿ ಅಂಗಡಿಯೊಂದರಲ್ಲಿ ಫ್ರಿಜ್ಜಿನ ಲೀನಿಯರ್ ಕಂಪ್ರೆಸರ್ (ಪಿಸ್ಟನ್ನನ್ನು ಮೋಟಾರೇ ನೇರವಾಗಿ ಹಿಂದೆ-ಮುಂದೆ ಓಡಿಸಿ ಅನಿಲವನ್ನು ಒತ್ತುವ ಯಂತ್ರ) ಒಂದನ್ನು ಕತ್ತರಿಸಿ ತೆರೆದಿದ್ದರು. ಪಿಸ್ಟನ್ನಿನ ಮುಖದ ಮೇಲೆ ಉಂಗುರದಂಥ ಹೊಳಪಿನ ಗುರುತಿತ್ತು; ಪಿಸ್ಟನ್ ಸಿಲಿಂಡರಿನ ತುದಿಯ ವಾಲ್ವ್ ಪ್ಲೇಟಿಗೆ ಬಡಿದಿತ್ತು. “ಸರ, ಇದರಾಗ ಕ್ರ್ಯಾಂಕೂ ಇಲ್ರಿ, ಆಯಿಲೂ ಇಲ್ರಿ, ಎಲ್ಲಿ ನಿಲ್ಲಬೇಕಂತ ಇದಕ್ಕ ಹ್ಯಾಂಗ ಗೊತ್ತಾಗ್ತದ್ರಿ?” ಎಂದು ಮೆಕ್ಯಾನಿಕ್ ಕೇಳಿದ ಪ್ರಶ್ನೆಯೇ ಈ ಯಂತ್ರದ ಮುಖ್ಯ ಸಮಸ್ಯೆ.

ಸಾಮಾನ್ಯ ಕಂಪ್ರೆಸರಿನಲ್ಲಿ ಪಿಸ್ಟನ್ನಿನ ಓಟವನ್ನು ಕ್ರ್ಯಾಂಕ್, ಅಂದರೆ ಮೋಟಾರಿನ ಸುತ್ತಾಟವನ್ನು ಹಿಂದೆ-ಮುಂದೆ ಚಲನೆಯಾಗಿಸುವ ದಂಡ, ನಿರ್ಧರಿಸುತ್ತದೆ. ಲೀನಿಯರ್‌ನಲ್ಲಿ ಪಿಸ್ಟನ್ ಸ್ಪ್ರಿಂಗ್ ಮತ್ತು ಮೋಟಾರಿನ ನಡುವೆ ಸ್ವತಂತ್ರವಾಗಿ ತೂಗಾಡುತ್ತದೆ. ಪಕ್ಕಕ್ಕೆ ಒತ್ತುವ ಬಲ ಕಡಿಮೆಯಾದ್ದರಿಂದಲೇ ಎಣ್ಣೆಯಿಲ್ಲದೆ ನಡೆಸಲು ಸಾಧ್ಯ. ಬಡಿಯುವ ಭಯಕ್ಕೆ ಜಾಗ ಹೆಚ್ಚು ಬಿಡೋಣವೆಂದರೆ, 14 ಮಿ.ಮೀ. ಓಟದ ತುದಿಯಲ್ಲಿ ಅರ್ಧ ಮಿ.ಮೀ. ಉಳಿಯಿತು ಎಂದಿಟ್ಟುಕೊಳ್ಳಿ: ಫ್ರಿಜ್ಜನ್ನು ತಂಪಾಗಿಸುವ ಆರ್-134ಎ ಅನಿಲ 55 ಡಿಗ್ರಿಯಲ್ಲಿ ದ್ರವವಾಗುವಾಗ ಸುಮಾರು 15 ಬಾರ್ ಒತ್ತಡದಲ್ಲಿ ಅಲ್ಲಿ ಉಳಿದದ್ದು, ಹೀರುವ ಕಡೆಯ ಒಂದು ಬಾರಿನಷ್ಟು ಒತ್ತಡಕ್ಕೆ ಇಳಿಯುವಷ್ಟರಲ್ಲಿ 5 ಮಿ.ಮೀ.ಗೂ ಮಿಕ್ಕಿ ಹಿಗ್ಗುತ್ತದೆ. ಅದು ಹಿಗ್ಗಿ ಮುಗಿಯುವ ತನಕ ಹೊಸ ಅನಿಲ ಒಳಬರದು; ಓಟದ ಮೂರನೇ ಒಂದು ಭಾಗ ವ್ಯರ್ಥ.

ನಮ್ಮೂರಿನ ಬಿಸಿಲು ಇದನ್ನು ಇನ್ನಷ್ಟು ಕಠಿಣಗೊಳಿಸುತ್ತದೆ. ಫ್ರಿಜ್ಜಿನ ಶಾಖವನ್ನು ಹೊರಬಿಡುವ ಕಂಡೆನ್ಸರ್ ಕಾದಂತೆ ಒತ್ತಡ ಏರುತ್ತದೆ, ಅನಿಲವೇ ಬಿಗಿಯಾದ ಸ್ಪ್ರಿಂಗ್ ಆಗುತ್ತದೆ. ಒಟ್ಟು ಬಿಗಿತ ಶೇ. 20ರಷ್ಟು ಹೆಚ್ಚಿದರೆ ಅನುರಣನದ ಆವರ್ತನ (ಸೆಕೆಂಡಿಗೆ ಪಿಸ್ಟನ್ ಸಹಜವಾಗಿ ತೂಗಾಡುವ ಸಂಖ್ಯೆ) ಸುಮಾರು ಶೇ. 10ರಷ್ಟು ಸರಿಯುತ್ತದೆ. ಜೊತೆಗೆ ಸರಾಸರಿ ಒತ್ತಡವು ಪಿಸ್ಟನ್ನಿನ ನಡುಬಿಂದುವನ್ನೇ ವಾಲ್ವಿನಿಂದ ದೂರ ತಳ್ಳುತ್ತದೆ.

ಸ್ಥಾನ ಅಳೆಯುವ ಸೆನ್ಸರ್ ಹಾಕಬಹುದು, ಆದರೆ ಮನೆಯ ಫ್ರಿಜ್ಜಿಗೆ ಅದು ದುಬಾರಿ. ಆದ್ದರಿಂದ ಲೆಕ್ಕ ಹಾಕಿ ತಿಳಿಯುತ್ತಾರೆ: ಮೋಟಾರಿನ ವೋಲ್ಟೇಜಿನಿಂದ ಸುರುಳಿಯ ರೋಧ ಮತ್ತು ಇಂಡಕ್ಟೆನ್ಸ್ (ಕರೆಂಟಿನ ಬದಲಾವಣೆಯನ್ನು ತಡೆಯುವ ಗುಣ) ನುಂಗುವ ಪಾಲನ್ನು ಕಳೆದರೆ ಉಳಿಯುವುದು ವೇಗಕ್ಕೆ ಅನುಗುಣವಾದ ಪ್ರತಿವೋಲ್ಟೇಜ್. ಅದನ್ನು ಸಮಯದೊಂದಿಗೆ ಸಂಕಲಿಸಿದರೆ ಓಟ ಸಿಗುತ್ತದೆ. ನನ್ನ ದೃಷ್ಟಿಯಲ್ಲಿ ಈ ವಿಧಾನವನ್ನು ಜನ ಅತಿಯಾಗಿ ನಂಬುತ್ತಾರೆ. ಸುರುಳಿಯ ತಾಮ್ರದ ರೋಧ 20ರಿಂದ 90 ಡಿಗ್ರಿಗೆ ಏರುವಾಗ ಕಾಲು ಭಾಗಕ್ಕೂ ಹೆಚ್ಚು ಬೆಳೆಯುತ್ತದೆ. ಸಂಕಲನದಲ್ಲಿ ಸಣ್ಣ ತಪ್ಪೂ ಕೂಡುತ್ತಾ ಹೋಗುವುದರಿಂದ ಸ್ಥಿರಾಂಶವನ್ನು, ಅಂದರೆ ಏರಿಳಿಯದ ಭಾಗವನ್ನು, ಸೋಸಿ ತೆಗೆಯಲೇಬೇಕು, ಮತ್ತು ಆ ಸೋಸುವಿಕೆಯಲ್ಲಿ ನಡುಬಿಂದುವಿನ ಸುದ್ದಿಯೂ ಕಳೆದುಹೋಗುತ್ತದೆ. ಎಷ್ಟು ಓಡಿತೆಂಬುದು ತಿಳಿಯುತ್ತದೆ, ಎಲ್ಲಿಂದ ಎಲ್ಲಿಗೆ ಓಡಿತೆಂಬುದು ತಿಳಿಯುವುದಿಲ್ಲ.

ಹೀಗಾಗಿ ಓಟದ ಜೊತೆಗೆ ವಿದ್ಯುತ್ ಪ್ರವಾಹದ ಹಂತವನ್ನೂ, ಅಂದರೆ ಅದರ ಏರಿಳಿತ ಪಿಸ್ಟನ್ನಿನ ಚಲನೆಗಿಂತ ಎಷ್ಟು ಮುಂದಿದೆ ಅಥವಾ ಹಿಂದಿದೆ ಎಂಬುದನ್ನೂ, ಗಮನಿಸುತ್ತಾರೆ. ಓಟವನ್ನು ಮೆಲ್ಲಗೆ ಹೆಚ್ಚಿಸುತ್ತಾ ಹೋದಂತೆ, ಪಿಸ್ಟನ್ ವಾಲ್ವಿನ ಸಮೀಪ ತಲುಪಿದಾಗ ಪ್ರವಾಹಕ್ಕೂ ಚಲನೆಗೂ ಇರುವ ಹಂತದ ವ್ಯತ್ಯಾಸ ಒಂದು ತಿರುವು ಪಡೆಯುತ್ತದೆ, ಕಂಟ್ರೋಲರ್ ಅಲ್ಲಿಂದ ತುಸು ಹಿಂದೆ ಸರಿಯುತ್ತದೆ. ಕರೆಂಟ್ ಹೋಗಿ ಬಂದ ಪ್ರತಿ ಸಲವೂ ಈ ಹುಡುಕಾಟವನ್ನು ಸಣ್ಣ ಓಟದಿಂದಲೇ ಮತ್ತೆ ಶುರುಮಾಡಬೇಕು.