ಬೀಗರ ಎಡೆಯ ಪಕ್ಕ ಅಪ್ಪನ ಖಾರ ಬನ್ನು

ನಮ್ಮ ಮಂಡ್ಯದ ಕಡೆ ಹಿರಿಯರ ಹಬ್ಬ ಅಂದರೆ ಅಡುಗೆಮನೆಯ ಹಬ್ಬ. ಪಿತೃಪಕ್ಷದ ಹದಿನೈದು ದಿನಗಳಲ್ಲಿ ಒಂದು ದಿನ, ಸುಮಾರು ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ, ತೀರಿಹೋದವರಿಗೆ ಎಡೆ ಇಡುತ್ತೇವೆ. ಏನು ಇಡಬೇಕು ಅಂತ ತಿಳಿಯೋಕೆ ಪುಸ್ತಕ ಬೇಡ, ಅಯ್ನೋರೂ ಬೇಡ. ಹೋದವರು ಏನನ್ನು ಆಸೆಪಟ್ಟು ತಿನ್ನುತ್ತಿದ್ದರೋ ಅದೇ. ಕಜ್ಜಾಯ, ಒಡೆ, ಮುದ್ದೆ, ಮಟನ್ ಸಾರು ಹೇಗೂ ಇರುತ್ತವೆ. ಅದರ ಜೊತೆಗೆ ಬೀಡಿ ಸೇದುತ್ತಿದ್ದ ತಾತನಿಗೆ ಒಂದು ಕಟ್ಟು ಬೀಡಿ. ಅಜ್ಜಿಗೆ ಎಲೆಅಡಿಕೆ, ಹೊಗೆಸೊಪ್ಪಿನ ಚೂರಿನ ಸಮೇತ. ಕ್ವಾರ್ಟರ್ ಬಾಟಲಿ ಇಡುವ ಮನೆಗಳೂ ಇವೆ. ಗಂಡ ಬದುಕಿದ್ದಾಗ ಅದಕ್ಕೇ ಜಗಳ ಆಡಿದ್ದ ಹೆಂಗಸು, ಈಗ ಮಗನ ಕೈಲಿ ದುಡ್ಡು ಕೊಟ್ಟು ಅದೇ ಬ್ರಾಂಡು ತರಿಸುತ್ತಾಳೆ.

ನಮ್ಮಪ್ಪ ಬೀಡಿ ಸೇದುತ್ತಿರಲಿಲ್ಲ, ಕುಡಿಯುತ್ತಲೂ ಇರಲಿಲ್ಲ. ಅಪ್ಪನ ಚಟ ಅಂದರೆ ಬೇಕರಿ. ಅಯ್ಯಂಗಾರ್ ಬೇಕರಿಯ ಖಾರ ಬನ್ನು, ಆಮೇಲೆ ದಿಲ್‌ಪಸಂದ್.

ಕೆಇಬಿಯಲ್ಲಿ ಲೈನ್‌ಮ್ಯಾನ್. ಕೆಇಬಿ ಅನ್ನುವ ಹೆಸರು ಹೋಗಿ ಎಷ್ಟೋ ವರ್ಷ ಆಯಿತು, ನಮ್ಮೂರಲ್ಲಿ ಇನ್ನೂ ಹಾಗೇ ಕರೆಯುತ್ತಾರೆ. ಮಳೆಗಾಲದಲ್ಲಿ ಎಲ್ಲೋ ಮರ ಬಿದ್ದು ತಂತಿ ಹರಿದರೆ ರಾತ್ರಿಯೆಲ್ಲ ಕೆಲಸ. ಬೆಳಗಿನ ಜಾವ ಕರೆಂಟು ಬಂದ ಮೇಲೆ ಅಪ್ಪ ಬರುತ್ತಿದ್ದ. ಕೈಯಲ್ಲಿ ನ್ಯೂಸ್‌ಪೇಪರಿನಲ್ಲಿ ಕಟ್ಟಿ ಬಿಳಿ ದಾರ ಸುತ್ತಿದ ಪೊಟ್ಟಣ. ಒಳಗೆ ಇನ್ನೂ ಬಿಸಿ ಇರುವ ಬನ್ನು. ನಾನು, ತಮ್ಮ ಕಣ್ಣುಜ್ಜಿಕೊಂಡು ಎದ್ದು ಹಲ್ಲು ಉಜ್ಜದೇ ಕೈ ಹಾಕುತ್ತಿದ್ದೆವು. ಅಪ್ಪ ತನ್ನ ಬನ್ನನ್ನು ಅಡ್ಡಕ್ಕೆ ಸೀಳಿ, ಬೆಣ್ಣೆ ಸವರಿ, ನಡುವೆ ಕಾಂಗ್ರೆಸ್ ಕಡಲೆಬೀಜ ತುಂಬಿ ತಿನ್ನುತ್ತಿದ್ದ. ದಿಲ್‌ಪಸಂದ್ ಸಂಬಳದ ದಿನಕ್ಕೆ ಮಾತ್ರ. ಅದನ್ನು ನಾಲ್ಕು ಭಾಗ ಮಾಡುವ ಕೆಲಸ ಅವ್ವನದು. ಟೂಟಿಫ್ರೂಟಿ ಜಾಸ್ತಿ ಇರುವ ತುಂಡಿಗೆ ನಮ್ಮಿಬ್ಬರಲ್ಲಿ ಕಿತ್ತಾಟ.

ಅಯ್ಯಂಗಾರ್ ಬೇಕರಿಗಳ ಕಥೆ ನಿಮಗೆ ಗೊತ್ತಿರಬಹುದು. ಹಾಸನದ ಕಡೆಯಿಂದ ಬೆಂಗಳೂರಿಗೆ ಬಂದ ಅಯ್ಯಂಗಾರರ ಕುಟುಂಬವೊಂದು 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ಶುರು ಮಾಡಿತು. ಮೊಟ್ಟೆ ಮುಟ್ಟದ ಮನೆತನದವರು ಬ್ರೆಡ್ಡು ಬಿಸ್ಕತ್ತಿಗೆ ಕೈ ಹಾಕಿದರು. ಆಮೇಲೆ ನೆಂಟರು, ಊರಿನವರು ಕಲಿತು ಒಂದೊಂದೇ ಊರಿಗೆ ಹರಡಿದರು. ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಹಾಕಿದ ಬನ್ನನ್ನು ಬೇರೆ ಯಾರು ಯೋಚಿಸುತ್ತಿದ್ದರು ಹೇಳಿ? ಅಂಥ ಅಯ್ಯಂಗಾರರ ಬನ್ನು ನಮ್ಮ ಮನೆಯ ಎಡೆಯಲ್ಲಿ ಮಟನ್ ಸಾರು, ಬೋಟಿ ಗೊಜ್ಜಿನ ಪಕ್ಕ ಕೂತಿರುತ್ತದೆ. ಯಾರಿಗೂ ಏನೂ ತೊಂದರೆ ಆಗಿಲ್ಲ.

ಮಂಡ್ಯದಲ್ಲಿ ಇದು ಸುಲಭ. ತಮ್ಮ ಬೈಕಿನಲ್ಲಿ ಹೋಗಿ ಹತ್ತು ನಿಮಿಷದಲ್ಲಿ ತರುತ್ತಾನೆ. ನಾನಿರುವುದು ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ. ಇಲ್ಲಿ ಮೂಲೆಗೊಂದು ಬೇಕರಿ. ರೈ ಬ್ರೆಡ್ಡು, ಉಪ್ಪಿನ ಹರಳು ಉದುರಿಸಿದ ಬ್ರೆತ್ಸೆಲ್ಲು, ಕಾಳು ಮೆತ್ತಿದ ಬನ್ನು, ಏನು ಬೇಕಾದರೂ ಸಿಗುತ್ತದೆ. ಹಸಿಮೆಣಸಿನಕಾಯಿ ಹಾಕಿದ್ದು ಮಾತ್ರ ಇಲ್ಲ.

ಬನ್ನಿಗಿಂತ ಮೊದಲು ಇನ್ನೊಂದು ತಕರಾರು ಇತ್ತು. ಮದುವೆಯಾಗಿ ಹೋದ ಮಗಳು ಅಪ್ಪನಿಗೆ ಎಡೆ ಇಡಬಹುದಾ? ನಮ್ಮಲ್ಲಿ ಮಗನ ಮನೆಯಲ್ಲಿ ಎಡೆ. ಹೆಣ್ಣುಮಕ್ಕಳು ತವರಿಗೆ ಹೋಗಿ ಕೈಮುಗಿದು, ಉಂಡು ಬರುತ್ತಾರೆ. ನಮ್ಮ ಸ್ಟುಟ್‌ಗಾರ್ಟ್ ಮನೆಯಲ್ಲಿ ಎಡೆ ಇಡುವವರು ನನ್ನ ಗಂಡ, ಅವರ ಅಪ್ಪನಿಗೆ ಮತ್ತು ತಾತನಿಗೆ. ನನ್ನ ಅಪ್ಪನ ಎಡೆ ಮಂಡ್ಯದಲ್ಲಿ, ತಮ್ಮನ ಕೈಲಿ. ಒಬ್ಬರಿಗೆ ಎರಡು ಕಡೆ ಎಡೆ ಇಡುವ ಹಾಗಿಲ್ಲ ಅಂತ ದೊಡ್ಡವ್ವ ಖಡಾಖಂಡಿತವಾಗಿ ಹೇಳಿತು. ಯಾವ ಕಡೆ ಹೋಗಬೇಕು ಅಂತ ಪಾಪ ಅವರಿಗೇ ಗೊಂದಲ ಆಗುತ್ತಂತೆ.

ನಾನು ಅವ್ವನಿಗೆ ಫೋನ್ ಮಾಡಿದೆ. ಅವ್ವ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಹಿಂದೆ ಕುಕ್ಕರು ಕೂಗುತ್ತಿತ್ತು.

“ಎಡೆ ಅವನು ಇಡ್ತಾನೆ ಕಣ್ ಮಗಾ. ನೀನು ಬನ್ನು ಮಾಡು. ಬನ್ನಿಗೆ ಎಂತ ಶಾಸ್ತ್ರ? ನಿಮ್ಮ ಮಾವನ ಎಡೆ ಪಕ್ಕದಲ್ಲಿ ಒಂದು ತಟ್ಟೇಲಿ ಇಕ್ಕು. ಬೀಗರು ತಾನೆ? ಬೀಗರ ಮನೇಲಿ ತಿಂಡಿ ತಿಂದ್ರೆ ಯಾರೇನಂದಾರು?”

ನಮ್ಮವ್ವ ಲಾಯರ್ ಆಗಬೇಕಿತ್ತು ಅಂತ ನನಗೆ ಎಷ್ಟೋ ಸಲ ಅನ್ನಿಸಿದೆ. ಮುದ್ದೆ ಸಾರು ಇಟ್ಟಿದ್ದರೆ ಅದು ಎಡೆ ಆಗುತ್ತಿತ್ತು, ದೊಡ್ಡವ್ವನ ಕಾನೂನಿಗೆ ಸಿಕ್ಕಿಕೊಳ್ಳುತ್ತಿತ್ತು. ಓವನ್ನಿನಲ್ಲಿ ಬೆಂದದ್ದರ ಬಗ್ಗೆ ನಮ್ಮ ಹಿರಿಯರು ಯಾರೂ ಯಾವ ಕಟ್ಟಳೆಯನ್ನೂ ಮಾಡಿ ಹೋಗಿಲ್ಲ. ಓವನ್ನೇ ಇರಲಿಲ್ಲವಲ್ಲ.

ಓವನ್ ಇರಲಿಲ್ಲ ಅಂದಮೇಲೆ ಮನೆಯಲ್ಲಿ ಅಳತೆಯೂ ಇಲ್ಲ. ಕಜ್ಜಾಯದ ಪಾಕ ನೋಡುವುದನ್ನು ಅವ್ವ ಕಲಿಸಿದ್ದಾಳೆ. ಖಾರ ಬನ್ನು ಮಾಡುವುದು ಅವ್ವನಿಗೂ ಗೊತ್ತಿಲ್ಲ, ಅಜ್ಜಿಗಂತೂ ಕೇಳಲೇಬೇಡಿ. ಬ್ರೆಡ್ಡು ಅಂದರೆ ಜ್ವರ ಬಂದವರಿಗೆ ಹಾಲಿನಲ್ಲಿ ಅದ್ದಿ ಕೊಡುವುದು, ಅಷ್ಟೇ ಅಜ್ಜಿಯ ಲೆಕ್ಕ. ತಮ್ಮನನ್ನು ಅಪ್ಪ ಹೋಗುತ್ತಿದ್ದ ಬೇಕರಿಗೇ ಕಳಿಸಿದೆ. ಒಲೆ ಮುಂದೆ ನಿಂತಿದ್ದ ಮಾಸ್ಟರು ಏನೂ ಮುಚ್ಚಿಡದೆ ಹೇಳಿದರಂತೆ, ಆದರೆ ಎಲ್ಲ ಮೂಟೆ ಲೆಕ್ಕದಲ್ಲಿ. ಒಂದು ಮೂಟೆ ಮೈದಾಕ್ಕೆ ಇಷ್ಟು ಸಕ್ಕರೆ, ಇಷ್ಟು ಡಾಲ್ಡಾ, ಮೆಣಸಿನಕಾಯಿ ‘ಒಂದು ಮಂಕರಿ’. ಮಂಕರಿಯನ್ನು ಅರ್ಧ ಕೇಜಿ ಹಿಟ್ಟಿಗೆ ಇಳಿಸುವ ಗಣಿತ ನನಗೆ ಬರಲಿಲ್ಲ. ಅವರು ಹೇಳಿದ ಎರಡು ಮಾತು ಮಾತ್ರ ಉಪಯೋಗಕ್ಕೆ ಬಂತು. ಈರುಳ್ಳಿಯನ್ನು ಉಪ್ಪು ಹಾಕಿ ಹಿಂಡಬೇಕು, ಇಲ್ಲದಿದ್ದರೆ ನೀರು ಬಿಟ್ಟು ಹಿಟ್ಟು ಸಡಿಲ ಆಗುತ್ತದೆ. ಮೆಣಸಿನಕಾಯಿ, ಸೊಪ್ಪು ಎಲ್ಲ ಹಿಟ್ಟು ಒಂದು ಸಲ ಉಬ್ಬಿದ ಮೇಲೆ ಹಾಕಬೇಕು. ಉಳಿದದ್ದಕ್ಕೆ ನನ್ನ ನಾಲಿಗೆಯೇ ಗತಿ.

ಇಲ್ಲಿ ಹಿಟ್ಟಿನ ಪೊಟ್ಟಣದ ಮೇಲೆ ನಂಬರ್ ಇರುತ್ತದೆ. ನೂರು ಗ್ರಾಂ ಹಿಟ್ಟನ್ನು ಪೂರ್ತಿ ಸುಟ್ಟರೆ ಎಷ್ಟು ಮಿಲಿಗ್ರಾಂ ಬೂದಿ ಉಳಿಯುತ್ತದೆ ಅನ್ನುವುದರ ಮೇಲೆ ಆ ನಂಬರು. 405 ನಮ್ಮ ಮೈದಾಕ್ಕೆ ಹತ್ತಿರ, ಕೇಕಿಗೆ ಒಳ್ಳೆಯದು. 550ರಲ್ಲಿ ಬನ್ನು ಚೆನ್ನಾಗಿ ಎದ್ದು ನಿಲ್ಲುತ್ತದೆ. ಹಸಿ ಈಸ್ಟು ಬೆಣ್ಣೆ, ಮೊಸರಿನ ಪಕ್ಕ ಫ್ರಿಜ್ಜಿನಲ್ಲಿ 42 ಗ್ರಾಂನ ಪುಟ್ಟ ಗಟ್ಟಿಯಾಗಿ ಸಿಗುತ್ತದೆ. ಅರ್ಧ ಕೇಜಿ ಹಿಟ್ಟಿಗೆ ಅರ್ಧ ಗಟ್ಟಿ ಸಾಕು. ಉಗುರುಬೆಚ್ಚಗಿನ ಹಾಲು, ಒಂದಿಷ್ಟು ಸಕ್ಕರೆ, ಬೆಣ್ಣೆ. ಸಕ್ಕರೆಗೆ ಜಿಪುಣತನ ಮಾಡಬಾರದು. ಬೇಕರಿ ಬನ್ನಿನಲ್ಲಿ ಖಾರದ ಹಿಂದೆಯೇ ಒಂದು ಸಿಹಿ ಬರುತ್ತದೆ, ಅದಿಲ್ಲದಿದ್ದರೆ ಸುಮ್ನೆ ಮೆಣಸಿನಕಾಯಿ ಬ್ರೆಡ್ಡು ಅಷ್ಟೇ.

ಕರಿಬೇವು, ಹಸಿಮೆಣಸಿನಕಾಯಿಗೆ ಶ್ರೀಲಂಕಾ ತಮಿಳರ ಅಂಗಡಿ. ಮುದ್ದೆಗೆ ರಾಗಿ ಹಿಟ್ಟೂ ಅಲ್ಲೇ, ಪೊಟ್ಟಣದ ಮೇಲೆ ಕುರಕ್ಕನ್ ಅಂತ ಬರೆದಿರುತ್ತದೆ. ಕರಿಬೇವಿನ ರೇಟು ಕೇಳಿದರೆ ಮಂಡ್ಯದಲ್ಲಿ ತರಕಾರಿ ಜೊತೆ ಬಿಟ್ಟಿ ಕೊಡುತ್ತಿದ್ದದ್ದು ನೆನಪಾಗಿ ಹೊಟ್ಟೆ ಉರಿಯುತ್ತದೆ. ಅದಕ್ಕೆ ಬದಲಾಗಿ ಜರ್ಮನಿಯಲ್ಲಿ ಸಬ್ಬಸಿಗೆ ಸೊಪ್ಪು ಬೇಕಾದಷ್ಟು. ಇವರು ಅದನ್ನು ಸೌತೆಕಾಯಿ ಸಲಾಡಿಗೆ, ಮೀನಿಗೆ ಹಾಕುತ್ತಾರೆ. ನಮ್ಮೂರ ಬೇಕರಿಯ ಬನ್ನಿನಲ್ಲಿ ಸಬ್ಬಸಿಗೆ ಇರುತ್ತಿತ್ತು. ಎಲ್ಲ ಬೇಕರಿಯವರೂ ಹಾಕುವುದಿಲ್ಲ. ಹಾಕದವರ ಬನ್ನನ್ನು ಅಪ್ಪ ಲೆಕ್ಕಕ್ಕೇ ಇಟ್ಟುಕೊಳ್ಳುತ್ತಿರಲಿಲ್ಲ.

ದಿಲ್‌ಪಸಂದ್ ಸ್ವಲ್ಪ ಸತಾಯಿಸುವ ತಿಂಡಿ. ಕಾಯಿತುರಿ, ಸಕ್ಕರೆ, ಏಲಕ್ಕಿ, ಗೋಡಂಬಿ, ದ್ರಾಕ್ಷಿ ಎಲ್ಲ ಸಿಗುತ್ತವೆ, ಟೂಟಿಫ್ರೂಟಿ ಸಿಗುವುದಿಲ್ಲ. ಸೆಪ್ಟೆಂಬರಿಗೇ ಇಲ್ಲಿ ಕ್ರಿಸ್‌ಮಸ್ ತಿಂಡಿಯ ಸಾಮಾನು ಅಂಗಡಿಗೆ ಬಂದುಬಿಡುತ್ತದೆ. ಸಕ್ಕರೆ ಪಾಕದಲ್ಲಿ ಬೇಯಿಸಿದ ಕಿತ್ತಳೆ ಸಿಪ್ಪೆ, ನಿಂಬೆಜಾತಿಯ ಹಣ್ಣಿನ ಸಿಪ್ಪೆ ಸಣ್ಣಗೆ ಹೆಚ್ಚಿಟ್ಟಿರುತ್ತಾರೆ. ನೋಡೋಕೆ ಹತ್ತಿರ ಹತ್ತಿರ, ರುಚಿಯಲ್ಲಿ ಸಣ್ಣ ಕಹಿ. ಟೂಟಿಫ್ರೂಟಿ ಅಂದರೆ ಪರಂಗಿಕಾಯಿ, ಅದಕ್ಕೆ ಸ್ವಂತ ರುಚಿಯೇ ಇಲ್ಲ, ಅದೇ ಅದರ ಹೆಚ್ಚುಗಾರಿಕೆ. ಬೆಂಗಳೂರಿಗೆ ಹೋಗಿದ್ದ ಗೆಳತಿಯ ಕೈಲಿ ಒಂದು ಪ್ಯಾಕೆಟ್ ತರಿಸಿಕೊಂಡೆ. ಅಪ್ಪನಿಗೆ ಕಹಿ ಬಡಿಸೋಕೆ ಮನಸ್ಸಾಗಲಿಲ್ಲ.

2025ರಲ್ಲಿ ಮಹಾಲಯ ಅಮಾವಾಸ್ಯೆ ಸೆಪ್ಟೆಂಬರ್ 21, ಭಾನುವಾರ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳೆಲ್ಲ ಬಂದ್. ಬೆಳಿಗ್ಗೆ ಒಂದಷ್ಟು ಹೊತ್ತು ಬೇಕರಿ ಬಿಟ್ಟರೆ ಒಂದು ಕಟ್ಟು ಕೊತ್ತಂಬರಿ ಕೂಡ ಹುಟ್ಟುವುದಿಲ್ಲ. ಹಿಂದಿನ ವರ್ಷ ಊರಿನವರಿಗೆ ಇದೇ ಪಾಡು. 2024ರಲ್ಲಿ ಅಮಾವಾಸ್ಯೆ ಗಾಂಧಿ ಜಯಂತಿ ದಿನವೇ ಬಂದು, ಬೆಂಗಳೂರಿನಲ್ಲಿ ಅವತ್ತು ಮಾಂಸ ಮಾರುವ ಹಾಗಿರಲಿಲ್ಲ. ಹಿಂದಿನ ದಿನವೇ ಮಟನ್ ತಂದು ಫ್ರಿಜ್ಜಿನಲ್ಲಿ ಇಡಬೇಕಾಯಿತು. ಈ ಸಲ ಅವ್ವನಿಗೆ ಇನ್ನೊಂದು ಚಿಂತೆ, ಅವತ್ತೇ ಸೂರ್ಯಗ್ರಹಣ. ಅದು ಕಾಣುವುದು ನ್ಯೂಜಿಲೆಂಡ್ ಕಡೆ, ನಮಗಲ್ಲ, ನಿಮಗೂ ಅಲ್ಲ ಅಂತ ಹೇಳಿ ಹೇಳಿ ಸಾಕಾಯಿತು. ಆದರೂ ಸೊಪ್ಪಿನ ಮೇಲೆ ಒಂದು ಗರಿಕೆ ಹಾಕಿಡು ಅಂದಳು.

ಶನಿವಾರ ಟರ್ಕಿಯವರ ಅಂಗಡಿಯಿಂದ ಕುರಿಮಾಂಸ ಬಂತು. ಫ್ರೋಜನ್ ಬಾಳೆಲೆ ಬಂತು. ಭಾನುವಾರ ಬೆಳಿಗ್ಗೆ ಗಂಡ ಸಾರಿಗೆ ಮಸಾಲೆ ಹುರಿಯಲು ನಿಂತರು, ನಾನು ಹಿಟ್ಟು ನಾದಲು. ನಾದುವಾಗ ಅಪ್ಪ ನೆನಪಾಗಿ ಕಣ್ಣೀರು ಬಂತು ಅಂತ ಬರೆದರೆ ಚೆನ್ನಾಗಿರುತ್ತದೆ. ನಿಜ ಹೇಳಬೇಕೆಂದರೆ ಬಂದದ್ದು ಈರುಳ್ಳಿಯಿಂದ. ಅಪ್ಪ ನೆನಪಾದದ್ದು ಆಮೇಲೆ, ಇನ್ನೂರು ಡಿಗ್ರಿಯ ಓವನ್ನಿನಲ್ಲಿ ಬನ್ನಿನ ಮೇಲ್ಭಾಗ ಕೆಂಪಗಾಗಿ, ಕರಿಬೇವು ಬೆಂದ ವಾಸನೆ ಮನೆ ತುಂಬಿಕೊಂಡಾಗ. ಅಮಾವಾಸ್ಯೆ ಅಡುಗೆಯ ವಾಸನೆಗಳ ನಡುವೆ ಅದೊಂದೇ ಬೇರೆ ಥರ ಇತ್ತು. ಮಳೆ ನಿಂತ ಬೆಳಗಿನ ಜಾವ, ಖಾಕಿ ಅಂಗಿಗೆ ಮೆತ್ತಿದ ಗ್ರೀಸು, ಅದರೊಳಗೆ ಈ ವಾಸನೆ. ಓವನ್ನಿನ ಮುಂದೆ ನೆಲದ ಮೇಲೆ ಕೂತುಬಿಟ್ಟೆ. ಮಗಳು ಬಂದು, “ಅಮ್ಮಾ, ಬನ್ನು ಉಬ್ಬೋದನ್ನ ನೋಡ್ತಾ ಇದೀಯಾ?” ಅಂತ ಪಕ್ಕದಲ್ಲಿ ಕೂತಳು. ಹೂಂ ಅಂದೆ.

ಎಡೆ ಇಟ್ಟದ್ದು ಮಧ್ಯಾಹ್ನ. ಗೋಡೆಗೆ ಮಾವನವರ, ತಾತನ ಫೋಟೋ, ಕಳಶ, ಹೊಸ ಪಂಚೆ, ಷರಟು. ಬಾಳೆಲೆ ಮೇಲೆ ಅವರವರ ಇಷ್ಟದ್ದೆಲ್ಲ. ಒಂದು ಪಕ್ಕದಲ್ಲಿ, ಎಲೆ ಇಲ್ಲದೆ, ಸ್ಟೀಲ್ ತಟ್ಟೆಯಲ್ಲಿ ಅಪ್ಪನ ಬನ್ನು. ಅಡ್ಡಕ್ಕೆ ಸೀಳಿ ಬೆಣ್ಣೆ, ಕಡಲೆಬೀಜ ತುಂಬಿದ್ದೆ. ಜೊತೆಗೆ ದಿಲ್‌ಪಸಂದಿನ ಒಂದು ಕಾಲು ಭಾಗ. ಫೋಟೋ ಇಡಲಿಲ್ಲ, ಅದು ದೊಡ್ಡವ್ವನ ಗಡಿ. ಮಾವನವರು ಬದುಕಿದ್ದಾಗ ಅಪ್ಪನ ಜೊತೆ ಅಷ್ಟೇನೂ ಸಲಿಗೆಯಿಂದ ಇದ್ದವರಲ್ಲ. ಮದುವೆಯಲ್ಲಿ ಬೀಗರೂಟಕ್ಕೆ ಎಷ್ಟು ಜನ ಅನ್ನುವುದರ ಮೇಲೆ ಸಣ್ಣ ಮಾತು ಬಂದಿತ್ತು. ಈಗ ಪಕ್ಕಪಕ್ಕ ಕೂತು ತಿನ್ನಲಿ ಅಂತ ಗಂಡ ನಕ್ಕರು.

ಸಾಂಬ್ರಾಣಿಗೆ ಇಲ್ಲಿ ಒಂದು ಹೆದರಿಕೆ ಇದೆ. ರೂಮು ರೂಮಿಗೂ ಸ್ಮೋಕ್ ಅಲಾರಂ. ಎರಡು ಕಿಟಕಿ ತೆಗೆದು, ಬಾಲ್ಕನಿ ಬಾಗಿಲಲ್ಲಿ ನಿಂತು ಧೂಪ ಹಾಕಿದೆವು. ಆಮೇಲೆ ಪದ್ಧತಿ ಪ್ರಕಾರ ಎಲ್ಲರೂ ಹೊರಗೆ ಬಂದು ಬಾಗಿಲು ಹಾಕಿಕೊಂಡೆವು. ಹಿರಿಯರು ಬಂದು ಉಣ್ಣುವಾಗ ನಾವು ಎದುರಿಗೆ ಇರಬಾರದು. ಊರಲ್ಲಾದರೆ ಜಗುಲಿ ಮೇಲೆ ಕೂತು ಹರಟೆ ಹೊಡೆಯಬಹುದು. ಇಲ್ಲಿ ಮೂರನೇ ಮಹಡಿಯ ಮೆಟ್ಟಿಲು. ಹೊಸ ಬಟ್ಟೆ ಹಾಕಿಕೊಂಡು ನಮ್ಮ ಮನೆಯ ಹೊರಗೇ ಸಾಲಾಗಿ ಕೂತಿದ್ದೆವು.

ಮೇಲಿನ ಮನೆಯ ಅಜ್ಜಿ ಇಳಿದು ಬಂದರು. ಬೀಗದ ಕೈ ಒಳಗೆ ಬಿಟ್ಟು ಬಂದಿದ್ದೀರಾ, ಬೀಗ ತೆಗೆಯುವವರ ನಂಬರ್ ಕೊಡಲಾ ಅಂತ ಕೇಳಿದರು. ಇಲ್ಲ, ಒಳಗೆ ನನ್ನ ಅಪ್ಪ ಊಟ ಮಾಡುತ್ತಿದ್ದಾರೆ, ತೀರಿಕೊಂಡು ಆರು ವರ್ಷ ಆಯಿತು ಅಂತ ಗಂಡ ಜರ್ಮನ್‌ನಲ್ಲಿ ಹೇಳಿದರು. ಇದಕ್ಕಿಂತ ಕೆಟ್ಟದಾಗಿ ಆ ವಾಕ್ಯವನ್ನು ಹೇಳಲು ಸಾಧ್ಯವಿರಲಿಲ್ಲ. ನಾನು ಮಧ್ಯೆ ಬಾಯಿ ಹಾಕಿ ವಿವರಿಸಿದೆ. ಅಜ್ಜಿಗೆ ಗಾಬರಿ ಏನೂ ಆಗಲಿಲ್ಲ. ಅವರ ಊರು ಇದೇ ರಾಜ್ಯದ ತೆಂಕಣ ಭಾಗ. ಆ ಕಡೆ ನವೆಂಬರ್ 2, ಸತ್ತವರನ್ನು ನೆನೆಯುವ ದಿನಕ್ಕೆ ಅಂತಲೇ ಒಂದು ಉದ್ದನೆಯ ಬ್ರೆಡ್ಡು ಬೇಯಿಸುತ್ತಿದ್ದರಂತೆ. ಮೇಲೆ ಕಲ್ಲುಪ್ಪು, ಶಾಹಿ ಜೀರಿಗೆಯಂಥ ಕಾಳು. ಈಗ ಅದು ವರ್ಷವಿಡೀ ಎಲ್ಲ ಬೇಕರಿಯಲ್ಲೂ ಸಿಗುತ್ತದೆ. ಆಫೀಸಿಗೆ ಹೋಗುವಾಗ ಅದನ್ನು ನಾನೇ ಎಷ್ಟು ಸಲ ತಿಂದಿದ್ದೇನೋ, ಯಾರ ಹೆಸರಿನ ಬ್ರೆಡ್ಡು ಅಂತ ಒಬ್ಬರೂ ಹೇಳಿರಲಿಲ್ಲ.

ಬಾಗಿಲು ತೆಗೆದ ಮೇಲೆ ಅವರಿಗೊಂದು ಬನ್ನು ಕೊಟ್ಟೆ. ಅರ್ಧ ತಿಂದು ನೀರು ಕೇಳಿದರು, ನೀರು ಕುಡಿದು ಉಳಿದರ್ಧ ತಿಂದರು. ಮೆಣಸಿನಕಾಯಿ ಇಲ್ಲದೆ ಮಾಡಬಹುದಾ ಅಂದರು. ಮಾಡಬಹುದು, ಆದರೆ ಅದು ನಮ್ಮಪ್ಪನಿಗೆ ಸೇರಲ್ಲ ಅಂದೆ.

ಸಂಜೆ ಅವ್ವನಿಗೆ ವಿಡಿಯೋ ಕಾಲ್. ಅಲ್ಲಿ ಮೂರೂವರೆ ಗಂಟೆ ಮುಂದೆ, ಎಡೆ ಮುಗಿದು ಎಲ್ಲರದ್ದೂ ಊಟ ಆಗಿತ್ತು. ಅವ್ವ ಬನ್ನನ್ನು ಕ್ಯಾಮೆರಾ ಹತ್ತಿರ ಹಿಡಿಸಿ, ಬುಡ ತೋರಿಸು, ಒಳಗೆ ತೋರಿಸು ಅಂತ ತಿರುಗಿಸಿ ತಿರುಗಿಸಿ ನೋಡಿದಳು. “ಬಣ್ಣ ಬಂದದೆ. ಬೆಣ್ಣೆ ಕಮ್ಮಿ ಹಾಕಿದೀಯ.” ದೊಡ್ಡವ್ವನೂ ಹಿಂದಿನಿಂದ ಇಣುಕಿ, ದಿಲ್‌ಪಸಂದ್ ಅಲ್ಲೂ ಸಿಗ್ತದಾ ಅಂತ ಕೇಳಿತು. ಎಡೆ ವಿಷಯ ಎತ್ತಲಿಲ್ಲ.

2026ರಲ್ಲಿ ಮಹಾಲಯ ಅಮಾವಾಸ್ಯೆ ಅಕ್ಟೋಬರ್ 10, ಶನಿವಾರ. ಅಂಗಡಿ ತೆಗೆದಿರುತ್ತವೆ. ತಮ್ಮ ಆ ಹೊತ್ತಿಗೆ ಕಂಪನಿ ಕೆಲಸದ ಮೇಲೆ ಈ ಕಡೆ ಬರುತ್ತಾನಂತೆ, ಊರಿನ ಎಡೆಯನ್ನು ಚಿಕ್ಕಪ್ಪನ ಮಗನಿಗೆ ಒಪ್ಪಿಸಿದ್ದಾನೆ. ಈಗಲೇ ಮೆಸೇಜು ಹಾಕಿದ್ದಾನೆ, “ಅಕ್ಕಾ, ಮುಂದಿನ ಸಲ ಹನಿ ಕೇಕೂ ಮಾಡು. ಅಪ್ಪನಿಗೆ ಇಷ್ಟ.” ಅಪ್ಪ ಹನಿ ಕೇಕ್ ಮುಟ್ಟಿದ್ದನ್ನು ನಾನು ಜನ್ಮದಲ್ಲಿ ನೋಡಿಲ್ಲ. ಅದನ್ನು ತಿನ್ನುತ್ತಿದ್ದವನು ಇವನೇ. ಅವ್ವನಿಗೆ ಚಾಡಿ ಹೇಳಿದರೆ, “ಇರಲಿ, ಮಾಡಿಕೊಡು” ಅಂದಳು.