ಮೂರನೇ ಸಿಲಿಂಡರಿನ ಮಿಸ್ಸಿಂಗ್

ಗ್ಯಾರೇಜಿನವರು ಬರೆದುಕೊಟ್ಟ ಎಸ್ಟಿಮೇಟು 16 ಸಾವಿರ ದಾಟಿತ್ತು. ನಾಲ್ಕು ಇಗ್ನಿಷನ್ ಕಾಯಿಲ್ (ಪ್ಲಗ್ಗಿಗೆ ಕಿಡಿಯ ಕರೆಂಟು ಕೊಡೋದು), ನಾಲ್ಕು ಪ್ಲಗ್, ಇಂಜೆಕ್ಟರ್ (ಪೆಟ್ರೋಲ್ ಚಿಮ್ಮಿಸೋದು) ಕ್ಲೀನಿಂಗ್, ಥ್ರಾಟಲ್ ಬಾಡಿ ಕ್ಲೀನಿಂಗ್, ಕೊನೆಗೆ 'ಫ್ಯೂಯೆಲ್ ಪಂಪ್ ನೋಡಬೇಕಾಗಬಹುದು' ಅಂತ ಇನ್ನೊಂದು ಸಾಲು. ಇಂಜಿನ್ ಮಿಸ್ಸಿಂಗ್ ಹೊಡೀತಿದೆ, ಅಂದರೆ ಯಾವುದೋ ಸಿಲಿಂಡರು ತನ್ನ ಸರದಿಯಲ್ಲಿ ಉರಿಯದೆ ತಪ್ಪಿಸಿಕೊಳ್ಳುತ್ತಿದೆ ಅಂದಿದ್ದೆ ನಾನು. ಮಿಸ್ಸಿಂಗಿಗೆ ಕಾರಣ ಆಗಬಹುದಾದದ್ದನ್ನೆಲ್ಲ ಅವರು ಪಟ್ಟಿಗೆ ಸೇರಿಸಿದ್ದರು. ಅಷ್ಟನ್ನೂ ಮಾಡಿಸಿದರೆ ಗಾಡಿ ಬಹುಶಃ ಸರಿಹೋಗುತ್ತಿತ್ತು. ಆದರೆ ಕೆಟ್ಟದ್ದು ಯಾವುದು ಅಂತ ಅವರಿಗೂ ತಿಳಿಯುತ್ತಿರಲಿಲ್ಲ, ನನಗೂ ತಿಳಿಯುತ್ತಿರಲಿಲ್ಲ. ಕಾಗದ ಮಡಚಿ ಜೇಬಿಗಿಟ್ಟುಕೊಂಡು ಗಾಡಿ ಮನೆಗೆ ತಂದೆ.

2014ರ ಮಾಡೆಲ್ಲು, 1.2 ಲೀಟರಿನ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ನು. ಹಾಸನದಲ್ಲೇ ಒಬ್ಬರ ಮನೆಯಿಂದ ಕೊಂಡಿದ್ದು. ಊರೊಳಗೆ ಓಡಾಡುವಾಗ ಏನೂ ತಕರಾರಿಲ್ಲ, ಐಡ್ಲಿಂಗ್ ಕೂಡ ನೆಟ್ಟಗೆ ನಿಲ್ಲುತ್ತಿತ್ತು. ಮಂಗಳೂರಿಂದ ವಾಪಸ್ ಬರುವಾಗ ಗುಂಡ್ಯ ದಾಟಿ ಶಿರಾಡಿ ಘಾಟಿ ಏರಲು ಶುರು ಮಾಡಿದ ಮೇಲೆ ಅದರ ನಿಜರೂಪ ಗೊತ್ತಾಗಿದ್ದು. ಮುಂದಿನ ಲಾರಿ ಹಿಂದೆ ಹಾಕೋಣ ಅಂತ ಮೂರನೇ ಗೇರಲ್ಲಿ ಒತ್ತಿದರೆ ಪಿಕಪ್ಪೇ ಇಲ್ಲ. ಗಾಡಿ ತಡವರಿಸಿ ಜಗ್ಗಾಡಿತು, ಮೀಟರಿನಲ್ಲಿ ಚೆಕ್ ಇಂಜಿನ್ ದೀಪ ಮಿಣುಕತೊಡಗಿತು.

ಆ ದೀಪ ಸುಮ್ಮನೆ ಉರಿಯುತ್ತಿದ್ದರೆ ಊರು ಮುಟ್ಟಿ ನಿಧಾನಕ್ಕೆ ನೋಡಿಕೊಳ್ಳಬಹುದು. ಮಿಣುಕಿದರೆ ಮಾತ್ರ ಕಾಲು ಸಡಿಲ ಮಾಡಲೇಬೇಕು. ಉರಿಯದೆ ಉಳಿದ ಪೆಟ್ರೋಲು ಸೈಲೆನ್ಸರ್ ದಾರಿ ಹಿಡಿದು ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರಿನೊಳಗೆ ಹೊತ್ತಿಕೊಳ್ಳುತ್ತೆ. ಕನ್ವರ್ಟರ್ ಕರಗಿ ಕಟ್ಟಿಕೊಂಡರೆ ಅದರ ಬೆಲೆಯ ಮುಂದೆ ಈ ಎಸ್ಟಿಮೇಟು ಚಿಲ್ಲರೆ ದುಡ್ಡು. ಹಾಗಾಗಿ ಲಾರಿಯ ಹಿಂದೆಯೇ ಉಳಿದು, ಎರಡನೇ ಗೇರಲ್ಲಿ ಒತ್ತಡ ಹಾಕದೆ ಮಾರನಹಳ್ಳಿ ದಾಟಿ ಬಂದೆ.

ಕೆಎಸ್ಸಾರ್ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ರಿಟೈರಾದ ನಮ್ಮ ಭಾವ ಮನೆಗೆ ಬಂದಿದ್ದರು. ಬಾನೆಟ್ ಎತ್ತಿ ತೋರಿಸಿದರೆ ಕೈ ಕಟ್ಟಿ ನಿಂತು, "ನನ್ನ ಕೇಳಬೇಡ ಕಣಯ್ಯ, ನಾನು ಜೀವಮಾನ ಪೂರ್ತಿ ಡೀಸೆಲ್ ಬಸ್ ಬಿಚ್ಚಿದೋನು. ನಮ್ಮಲ್ಲಿ ಪ್ಲಗ್ಗೇ ಇರಲ್ಲ" ಅಂದರು. ಹಾಗಂದವರು ಆಮೇಲೆ ಒಂದು ನಿಮಿಷಕ್ಕೂ ಅಲ್ಲಿಂದ ಕದಲಲಿಲ್ಲ ಅನ್ನೋದು ಬೇರೆ ಮಾತು. ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದಲೇ ತೀರ್ಪು ಕೊಟ್ಟರು: "ಎಲ್ಲಾ ಈ ಎಥನಾಲ್ ಪೆಟ್ರೋಲಿಂದ ಸಾರ್."

ಸ್ಟಿಯರಿಂಗ್ ಕೆಳಗೆ ಗಾಡಿಯ ಕಂಪ್ಯೂಟರು ದಾಖಲಿಸಿದ ತಪ್ಪುಗಳ ಕೋಡ್ ಓದೋಕೆ ಓಬಿಡಿ ಪೋರ್ಟ್ ಇರುತ್ತಲ್ಲ, ಅದಕ್ಕೆ ಸಿಕ್ಕಿಸೋ ಬ್ಲೂಟೂತ್ ಡಾಂಗಲ್ ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಫೋನಿನ ಆ್ಯಪ್ ತೆರೆದಾಗ ಒಂದೇ ಕೋಡ್ ಕೂತಿತ್ತು: ಪಿ0303. ಕೊನೆಯ ಅಂಕಿ ಸಿಲಿಂಡರಿನ ನಂಬರು. ಪೆಟ್ರೋಲೇ ಕೆಟ್ಟಿದ್ದರೆ, ಪಂಪು ಸುಸ್ತಾಗಿದ್ದರೆ, ನಾಲ್ಕೂ ಸಿಲಿಂಡರಿಗೆ ಅದರ ಬಿಸಿ ತಟ್ಟಬೇಕು. ಆಗ ಸಾಮಾನ್ಯವಾಗಿ ಬರೋದು ಪಿ0300, ಅಂದರೆ ಅಲ್ಲೊಂದು ಇಲ್ಲೊಂದು ಮಿಸ್ಸಿಂಗ್. ಇಲ್ಲಿ ಮೂರನೆಯದು ಒಂದೇ ಕೈ ಕೊಡುತ್ತಿತ್ತು. ಎಥನಾಲ್ ವಾದವೂ ಫ್ಯೂಯೆಲ್ ಪಂಪ್ ಸಾಲೂ ಅಲ್ಲಿಗೆ ಹೆಚ್ಚುಕಡಿಮೆ ಬಿದ್ದುಹೋದವು.

"ಯಾವ ಸಿಲಿಂಡರ್ ಅಂತ ಅದಕ್ಕೆ ಹೆಂಗೆ ಗೊತ್ತಾಗುತ್ತೆ?" ಅಂತ ಭಾವ ಕೇಳಿದರು. ಕ್ರ್ಯಾಂಕ್, ಅಂದರೆ ಪಿಸ್ಟನ್ನುಗಳು ತಿರುಗಿಸೋ ದಂಡ, ಅದರ ಸೆನ್ಸರಿನಿಂದ. 2000 ಆರ್‌ಪಿಎಂ ಅಂದರೆ ಒಂದೊಂದು ಸಿಲಿಂಡರು ಸೆಕೆಂಡಿಗೆ ಹದಿನಾರು ಹದಿನೇಳು ಸಲ ಉರಿದು ಕ್ರ್ಯಾಂಕನ್ನು ತಳ್ಳುತ್ತೆ. ಮೂರನೆಯದರ ಸರದಿಯಲ್ಲಿ ತಳ್ಳು ಬರದಿದ್ದರೆ ಕ್ರ್ಯಾಂಕ್ ಅಷ್ಟೇ ಹೊತ್ತು ಒಂಚೂರು ನಿಧಾನ ಆಗುತ್ತೆ. ಇಸಿಯು, ಅಂದರೆ ಇಂಜಿನ್ನಿನ ಕಂಪ್ಯೂಟರು, ಎಣಿಸೋದು ಆ ಒಂಚೂರನ್ನು. ಹಾಗಾಗಿ ಕೋಡಿಗೆ ಗೊತ್ತಿರೋದು ತಳ್ಳಲಿಲ್ಲ ಅನ್ನೋದಷ್ಟೇ. ಕಿಡಿ ಬರಲಿಲ್ಲವೋ, ಪೆಟ್ರೋಲ್ ಬರಲಿಲ್ಲವೋ, ಕಂಪ್ರೆಶನ್ (ಸಿಲಿಂಡರು ಗಾಳಿಯನ್ನು ಅದುಮೋ ಒತ್ತಡ) ಇಲ್ಲವೋ, ಅದನ್ನು ಅದು ಹೇಳಲ್ಲ. ಕೋಡ್ ನೋಡಿದ ತಕ್ಷಣ ಕಾಯಿಲ್ ಆರ್ಡರ್ ಮಾಡೋರನ್ನು ಕಂಡರೆ ನನಗೆ ಆಶ್ಚರ್ಯ.

ಕೋಡಿನ ಜೊತೆಗೇ ಫ್ರೀಜ್ ಫ್ರೇಮ್ ಅಂತ ಇರುತ್ತೆ, ತಪ್ಪು ದಾಖಲಾದ ಗಳಿಗೆಯ ಲೆಕ್ಕ. ಕೋಡ್ ಅಳಿಸಿದರೆ ಅದೂ ಹೋಗುತ್ತೆ. ಮೊದಲು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡೆ. ಇಂಜಿನ್ ಪೂರ್ತಿ ಬಿಸಿ, ಆರ್‌ಪಿಎಂ 2100ರ ಆಸುಪಾಸು, ಲೋಡ್ 80 ಪರ್ಸೆಂಟಿಗೂ ಮೇಲೆ. ಐಡ್ಲಿಂಗಲ್ಲಿ ಸುಮ್ಮನಿದ್ದು ಭಾರ ಬಿದ್ದಾಗ ಮಾತ್ರ ಮಿಸ್ಸಿಂಗ್ ಅಂದರೆ ನನ್ನ ಮೊದಲ ಅನುಮಾನ ಕಿಡಿಯ ಕಡೆಗೆ. ಎಕ್ಸಲರೇಟರ್ ಒತ್ತಿದಷ್ಟೂ ಸಿಲಿಂಡರಿಗೆ ಗಾಳಿ ಜಾಸ್ತಿ ತುಂಬಿ ಒತ್ತಡ ಏರುತ್ತೆ, ಪ್ಲಗ್ಗಿನ ಗ್ಯಾಪು ಹಾರೋಕೆ ಕಿಡಿಗೆ ಹೆಚ್ಚು ವೋಲ್ಟೇಜು ಬೇಕಾಗುತ್ತೆ. ಕಾಯಿಲಿಂದ ಪ್ಲಗ್ಗಿಗೆ ಹೋಗೋ ದಾರಿಯಲ್ಲಿ ಎಲ್ಲಾದರೂ ರಬ್ಬರು ಶಿಥಿಲ ಆಗಿದ್ದರೆ ಕರೆಂಟಿಗೆ ಗ್ಯಾಪಿಗಿಂತ ಅದೇ ಸಲೀಸು.

ಅನುಮಾನವನ್ನು ರುಜು ಮಾಡೋಕೆ ಪೈಸೆ ಖರ್ಚಿಲ್ಲದ ದಾರಿ ಒಂದಿದೆ: ಅದಲು ಬದಲು. ಮೂರರ ಕಾಯಿಲನ್ನು ಎರಡಕ್ಕೆ ಹಾಕೋದು, ಮೂರರ ಪ್ಲಗ್ಗನ್ನು ನಾಲ್ಕಕ್ಕೆ ಹಾಕೋದು, ಇಂಜೆಕ್ಟರನ್ನು ಮುಟ್ಟದೆ ಬಿಡೋದು. ಆಮೇಲೆ ಓಡಿಸಿದಾಗ ಪಿ0302 ಬಂದರೆ ಕಾಯಿಲ್, ಪಿ0304 ಬಂದರೆ ಪ್ಲಗ್, ಮತ್ತೆ ಪಿ0303 ಬಂದರೆ ಇಂಜೆಕ್ಟರೋ ವೈರಿಂಗೋ ಕಂಪ್ರೆಶನ್ನೋ. ಒಂದೇ ಸುತ್ತಿನಲ್ಲಿ ಮೂರು ಪ್ರಶ್ನೆಗೆ ಉತ್ತರ. ನಂಬರ್ 1 ಯಾವ ಕಡೆಯಿಂದ ಅಂತ ಮೊದಲೇ ಖಾತ್ರಿ ಮಾಡಿಕೊಳ್ಳಬೇಕು. ನನ್ನ ಗಾಡಿಯಲ್ಲಿ ಟೈಮಿಂಗ್ ಚೈನ್ ಕಡೆಯಿಂದ.

ಇಂಜಿನ್ ತಣ್ಣಗಾಗಲಿ ಅಂತ ರಾತ್ರಿ ಹಾಗೇ ಬಿಟ್ಟಿದ್ದೆ. ಸಿಲಿಂಡರುಗಳ ಮೇಲೆ ಕೂರುವ ಹೆಡ್ಡು ಅಲ್ಯೂಮಿನಿಯಂದು, ಬಿಸಿಯಲ್ಲಿ ಪ್ಲಗ್ ತಿರುಚಿದರೆ ತೂತಿನ ಥ್ರೆಡ್ಡೇ ಕಿತ್ತು ಬರಬಹುದು. ಒಂದೊಂದು ಕಾಯಿಲಿಗೆ 10ರ ಬೋಲ್ಟ್ ಒಂದು, ಕನೆಕ್ಟರ್ ಒಂದು. ಒಂದು, ಎರಡು, ನಾಲ್ಕು ಒಣಗಿದ್ದವು. ಮೂರನೆಯದನ್ನು ಎಳೆದರೆ ಬುಡದ ರಬ್ಬರ್ ಬೂಟು ಎಣ್ಣೆಯಲ್ಲಿ ಅದ್ದಿ ತೆಗೆದ ಹಾಗೆ ಬಂತು. ಟಾರ್ಚ್ ಬಿಟ್ಟು ನೋಡಿದರೆ ಪ್ಲಗ್ ಕೂರುವ ಗುಂಡಿಯಲ್ಲಿ ಇಂಜಿನ್ ಆಯಿಲ್ ನಿಂತಿದೆ, ಪ್ಲಗ್ಗಿನ ಷಡ್ಭುಜ ಮುಳುಗುವಷ್ಟು. ಹಾಗೇ ಪ್ಲಗ್ ಬಿಚ್ಚಿದ್ದರೆ ಅಷ್ಟೂ ಎಣ್ಣೆ ಸಿಲಿಂಡರಿನೊಳಗೆ. ಭಾವ ಒಳಗೆ ಹೋಗಿ ಹಳೇ ಪಂಚೆ ಹರಿದು ತಂದರು. ಉದ್ದ ಸ್ಕ್ರೂಡ್ರೈವರಿಗೆ ಪಟ್ಟಿ ಸುತ್ತಿ, ಇಳಿಸಿ, ಹೀರಿಸಿ, ತೆಗೆದು, ಮತ್ತೆ ಹೊಸ ಪಟ್ಟಿ ಸುತ್ತಿ ಇಳಿಸಿ, ತಳ ಒಣಗೋವರೆಗೂ ಅವರೇ ಮಾಡಿದರು.

ಇಲ್ಲೇ ಇನ್ನೊಂದು ಕಣ್ಣಿಗೆ ಬಿತ್ತು. ಮೂರು ಕಾಯಿಲುಗಳ ಮೇಲಿನ ಅಕ್ಷರ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು, ಗಾಡಿಯ ಜೊತೆಗೇ ಬಂದವು. ಮೂರನೆಯದು ಮಾತ್ರ ಬೇರೆ ಕಂಪನಿಯದು, ಪ್ಲಾಸ್ಟಿಕ್ಕು ಇನ್ನೂ ಹೊಳೆಯುತ್ತಿತ್ತು. "ಇದು ಹೊಸದು, ಇದು ಕೆಟ್ಟಿರಲ್ಲ ಬಿಡು" ಅಂದರು ಭಾವ. ನನಗೆ ಅದೇ ಸುಳಿವು ಅನ್ನಿಸಿತು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಸರ್ವಿಸ್ ಪುಸ್ತಕಕ್ಕಿಂತ ಹೆಚ್ಚು ನಂಬಬೇಕಾದ್ದು ಯಾವ ಪಾರ್ಟು ಹೊಸದಾಗಿದೆ ಅನ್ನೋದನ್ನು. ಹಿಂದಿನವರು ಎಲ್ಲಿ ದುಡ್ಡು ಸುರಿದಿದ್ದಾರೆ ಅಂದರೆ ಗಾಡಿ ಅವರನ್ನು ಅಲ್ಲೇ ಕಾಡಿರುತ್ತೆ.

ಅದಲು ಬದಲು ಮಾಡಿ, ಕೋಡ್ ಅಳಿಸಿ, ಊರಾಚೆ ಖಾಲಿ ರಸ್ತೆಗೆ ಹೋದೆವು. ಭಾರ ಬೀಳಿಸೋಕೆ ಘಾಟಿಯೇ ಬೇಕು ಅಂತೇನಿಲ್ಲ. ಬಿಸಿಯಾದ ಮೇಲೆ ನಾಲ್ಕನೇ ಗೇರಲ್ಲಿ 40ರ ವೇಗಕ್ಕೆ ಬಂದು ಎಕ್ಸಲರೇಟರ್ ಪೂರ್ತಿ ಒತ್ತಿದರೆ ಸಮತಟ್ಟು ರಸ್ತೆಯಲ್ಲೂ ಇಂಜಿನ್ ಏದುಸಿರು ಬಿಡುತ್ತೆ. ಜರ್ಕ್ ಬಂತು, ದೀಪ ಮಿಣುಕಿತು, ಕಾಲು ತೆಗೆದೆ. ಪಕ್ಕದ ಸೀಟಲ್ಲಿ ಫೋನ್ ಹಿಡಿದಿದ್ದ ಭಾವ, "ಸೊನ್ನೆ ಮೂರು ಸೊನ್ನೆ ಎರಡು" ಅಂತ ಬಸ್ಸಿನ ನಂಬರ್ ಓದಿದ ಹಾಗೆ ಓದಿದರು. ಕಾಯಿಲ್ ಜೊತೆಗೇ ಮಿಸ್ಸಿಂಗೂ ಎರಡನೇ ಮನೆಗೆ ವಲಸೆ ಹೋಗಿತ್ತು.

ಮನೆಗೆ ಬಂದು ಆ ಕಾಯಿಲನ್ನು ಒರೆಸಿ ಬಿಸಿಲಲ್ಲಿ ಹಿಡಿದು ನೋಡಿದೆವು. ಎಣ್ಣೆ ಕುಡಿದ ರಬ್ಬರು ಊದಿ ಮೆತ್ತಗಾಗಿತ್ತು. ಉಗುರು ಒತ್ತಿದರೆ ಗುರುತು ಉಳಿಯುತ್ತಿತ್ತು. ಒಳಮೈಯಲ್ಲಿ ಮೇಲಿಂದ ಕೆಳಗೆ ಕೂದಲೆಳೆಯಷ್ಟು ಸಣ್ಣ ಕಪ್ಪು ಗೆರೆ. ಕಿಡಿ ಪ್ಲಗ್ಗಿನ ತುದಿ ಬಿಟ್ಟು ಹೆಡ್ಡಿಗೆ ಇಳಿದ ಜಾಡು ಅದು. ಅಂದರೆ ಕಾಯಿಲ್ ಕೆಟ್ಟಿದ್ದೇನೋ ನಿಜ, ಕೆಡಿಸಿದ್ದು ಎಣ್ಣೆ. ಎಣ್ಣೆ ಬಂದಿದ್ದು ಹೆಡ್ಡಿನ ಮೇಲಿನ ಮುಚ್ಚಳದ, ಅಂದರೆ ಟ್ಯಾಪೆಟ್ ಕವರಿನ ಪ್ಯಾಕಿಂಗಿನ ಜೊತೆ ಕೂರುವ, ಪ್ಲಗ್ ಗುಂಡಿಯ ಸುತ್ತಲಿನ ರಬ್ಬರ್ ಸೀಲಿನಿಂದ. ವರ್ಷಗಳ ಕಾವಿಗೆ ಅದು ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಎಸ್ಟಿಮೇಟಿನಲ್ಲಿ ಇಲ್ಲದ್ದು ಅದೊಂದೇ!

ಗಾಡಿ ಮಾರಿದವರಿಗೆ ಫೋನ್ ಮಾಡಿ ವಿಚಾರಿಸಿದೆ. "ಹೌದು ಸಾರ್, ಹೋದ ವರ್ಷ ಒಂದು ಕಾಯಿಲ್ ಹೊಸದು ಹಾಕಿಸಿದ್ದೆ, ಅದರ ಬಗ್ಗೆ ಚಿಂತೆ ಬೇಡ" ಅಂದರು. ಪಾಪ, ಎಣ್ಣೆಯ ವಿಷಯ ಅವರಿಗೂ ಯಾರೂ ಹೇಳಿರಲಿಲ್ಲ.

ಸೀಲುಗಳ ಸಮೇತ ಪ್ಯಾಕಿಂಗ್ ಸೆಟ್ಟು ಕೆಲವು ನೂರಕ್ಕೆ ಸಿಕ್ಕಿತು, ಕಾಯಿಲ್ ಎರಡು ಸಾವಿರದ ಸುಮಾರು. ಹಿಂದಿನ ಪ್ಲಗ್ಗುಗಳ ವಯಸ್ಸು ಗೊತ್ತಿಲ್ಲದ್ದರಿಂದ ನಾಲ್ಕನ್ನೂ ಬದಲಾಯಿಸಿದೆ. ಕವರ್ ಕೂರಿಸೋ ಕೆಲಸ ಭಾವನದು: ಹಳೇ ಪ್ಯಾಕಿಂಗಿನ ತುಣುಕು ಒಂದೂ ಉಳಿಯದಂತೆ ಕೆರೆದು, ಚೈನ್ ಕವರ್ ಕೂಡುವ ಮೂಲೆಗಳಿಗೆ ಸಿಲಿಕೋನ್ ಅಂಟಿನ ಚುಕ್ಕೆ ಇಟ್ಟು, ನಡುವಿನಿಂದ ಹೊರಕ್ಕೆ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿದರು. "ಇದು ಮಾತ್ರ ಡೀಸೆಲಿಗೂ ಪೆಟ್ರೋಲಿಗೂ ಒಂದೇ" ಅಂದರು.

ಮಿಸ್ಸಿಂಗ್ ನಿಂತಿದೆ. ಆದರೆ ಆ್ಯಪ್‌ನಲ್ಲಿ ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಇಸಿಯು ಪೆಟ್ರೋಲಿನ ಲೆಕ್ಕವನ್ನು ಎಷ್ಟು ಹೆಚ್ಚು ಕಡಿಮೆ ಮಾಡಿಕೊಂಡಿದೆ ಅನ್ನೋದು) ಇನ್ನೂ ಪ್ಲಸ್ 8, 9 ಪರ್ಸೆಂಟ್ ತೋರಿಸುತ್ತಿದೆ, ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗುತ್ತಿರಬೇಕು. ಇನ್‌ಟೇಕ್ ಕಡೆಯ ಒಂದು ವ್ಯಾಕ್ಯೂಮ್ ಹೋಸ್ ಮೇಲೆ ನನ್ನ ಅನುಮಾನ. ಭಾವನ ಅನುಮಾನ ಏರ್ ಫಿಲ್ಟರಿನ ಮೇಲೆ. ಭಾನುವಾರ ಬರ್ತೀನಿ, ಅಲ್ಲೀವರೆಗೆ ಮುಟ್ಟಬೇಡ ಅಂತ ಹೇಳಿಹೋಗಿದ್ದಾರೆ.